ಸಿಕ್ಕಾ ಇಲ್ಲದ ಸಾಕ್ಷಿ

ಮೂವತ್ತೊಂದು ವರ್ಷ ಕಟ್ಟಿಗೆ ಡಿಪೋದಲ್ಲಿ ದಿಮ್ಮಿಗಳಿಗೆ ಸಿಕ್ಕಾ ಹೊಡೆದ ಮನುಷ್ಯನನ್ನು, ಸಿಕ್ಕಾ ಇಲ್ಲದ ಒಂದು ಸಾಗವಾನಿ ತುಂಡು ಅವನ ಬಳಿ ಇತ್ತೆಂಬ ಕಾರಣಕ್ಕೆ, ಕಳ್ಳನೆಂದು ಬರೆಯಲಾಯಿತು. ಆ ತುಂಡನ್ನು ಅವನು ಮಾರಲು ಒಯ್ದಿರಲಿಲ್ಲ. ನ್ಯಾಯಾಧೀಶರಿಗೆ ತೋರಿಸಲು ಒಯ್ದಿದ್ದ. ಹಾಗೆ ಬರೆದ ಒಂದು ಸಾಲನ್ನು ಆಧಾರವಾಗಿಟ್ಟುಕೊಂಡು ನಮ್ಮ ಊರಿನ ಹಳ್ಳದ ದಾವೆಯನ್ನು ವಜಾ ಮಾಡಲಾಯಿತು. ಇದರಲ್ಲಿ ನಾನು ಉಪ್ಪು ಖಾರ ಸೇರಿಸಿಲ್ಲ. ತೀರ್ಪಿನ ನಕಲು ನನ್ನ ಟ್ರಂಕಿನಲ್ಲಿದೆ. ಎಷ್ಟು ಸಲ ಓದಿದ್ದೇನೆಂದರೆ ಈಗ ಓದಿದರೆ ಏನೂ ಅನಿಸುವುದಿಲ್ಲ.

ಅವನ ಹೆಸರು ಭರಮಪ್ಪ. ನನಗಿಂತ ಒಂಬತ್ತು ವರ್ಷ ದೊಡ್ಡವನಾದ್ದರಿಂದ ನಾನು ಭರಮಣ್ಣ ಎನ್ನುತ್ತಿದ್ದೆ. ಊರು ಅವನನ್ನು ಅಳತಿ ಭರಮಪ್ಪ ಎಂದು ಕರೆಯುತ್ತಿತ್ತು. ಅವನ ತಂದೆ ಕೆಲಸ ಹುಡುಕಿಕೊಂಡು ಧಾರವಾಡದ ಕಡೆಯಿಂದ ಬಂದು, ಹಳಿಯಾಳದಿಂದ ದಾಂಡೇಲಿಗೆ ಹೋಗುವ ದಾರಿಯ ಮಗ್ಗುಲಿಗಿರುವ ನಮ್ಮ ಸಣ್ಣ ಊರಿನಲ್ಲಿ ನೆಲೆ ನಿಂತವರು. ಭರಮಣ್ಣ ದಾಂಡೇಲಿಯ ಡಿಪೋದಲ್ಲಿ ಅಳತೆಯ ಕೆಲಸಕ್ಕೆ ಸೇರಿದ. ಕಾಡಿನಿಂದ ಬಂದ ದಿಮ್ಮಿಯ ಉದ್ದ ಮತ್ತು ಸುತ್ತಳತೆ ತೆಗೆಯುವುದು, ಕೂಗಿ ಹೇಳುವುದು, ಆಮೇಲೆ ತುದಿಯಲ್ಲಿ ಅಕ್ಷರ ಕೊರೆದ ಕಬ್ಬಿಣದ ಸುತ್ತಿಗೆಯಿಂದ ದಿಮ್ಮಿಯ ಕೊಯ್ದ ಮುಖಕ್ಕೆ ಒಂದು ಏಟು ಹಾಕುವುದು. ಆ ಏಟಿನ ಗುರುತಿಗೆ ನಮ್ಮಲ್ಲಿ ಸಿಕ್ಕಾ ಎನ್ನುತ್ತಾರೆ. ಸಿಕ್ಕಾ ಇದ್ದ ಕಟ್ಟಿಗೆ ಸಾಚಾ ಕಟ್ಟಿಗೆ, ಇಲ್ಲದ್ದು ಕಳವಿನದು.

ಬಲಗೈ ಹೆಬ್ಬೆರಳಿನ ಉಗುರನ್ನು ಅವನು ಕತ್ತರಿಸುತ್ತಿರಲಿಲ್ಲ. ಅಳೆದ ಪ್ರತಿ ದಿಮ್ಮಿಯ ಕೊಯ್ದ ಮುಖದ ಮೇಲೆ, ತೊಗಟೆಯಿಂದ ಒಳಕ್ಕೆ, ಆ ಉಗುರನ್ನು ಗೆರೆಯಿಂದ ಗೆರೆಗೆ ಎತ್ತಿ ಇಡುತ್ತ ಹೋಗುತ್ತಿದ್ದ. ಇದನ್ನು ಮಾಡೆಂದು ಯಾರೂ ಹೇಳಿರಲಿಲ್ಲ. ನಾನು ನಮ್ಮ ಊರಿನ ಸೊಸೈಟಿಯ ಸೆಕ್ರೆಟರಿಯಾಗಿದ್ದಾಗ, ಗೋದಾಮಿನ ಬಾಗಿಲಿಗೆ ಮರ ಆರಿಸಲು ಒಮ್ಮೆ ಡಿಪೋಕ್ಕೆ ಹೋದೆ. ಅವನು ನನ್ನನ್ನು ಒಂದು ದಿಮ್ಮಿಯ ಮುಂದೆ ಕೂಡ್ರಿಸಿದ.

“ತಮ್ಮಾ, ಇಲ್ಲಿ ನೋಡು. ಇದು ನಿನ್ನ ಲಗ್ನದ ವರ್ಷ.”

“ನನ್ನ ಲಗ್ನದ ಸುದ್ದಿ ಮರಕ್ಕ ಯಾರು ಹೇಳಿದ್ರು?”

“ಹೊರಗಿನಿಂದ ಎಣಿಸೇನಿ. ಆ ವರ್ಷ ಮಳ್ಯಾಗ ನಿಮ್ಮ ಹಂದರ ಹಾರಿ ಹೋಗಿತ್ತಲ್ಲ? ಗೆರಿ ನೋಡು, ಹೆಂಗ ಅಗಲ ಆಗೇತಿ. ಅದರ ಮುಂದಿಂದು ಸಣ್ಣದು. ಮಳಿ ಕೈ ಕೊಟ್ಟಿತ್ತು.”

“ಮುಂದಿನ ವರ್ಷ ನನ್ನ ಸಂಸಾರ ಹೆಂಗಿತ್ತು ಅಂತನೂ ಬರದೈತೇನು?”

“ಅದನ್ನ ನಿನ್ನ ಹೆಂಡತಿನ್ನ ಕೇಳು. ಮರ ಚಾಡಿ ಹೇಳೂದಿಲ್ಲ.”

ಮಾತು ಕಡಿಮೆಯ ಮನುಷ್ಯ. ನಗಿಸಿದರೂ ತಾನು ನಗುತ್ತಿರಲಿಲ್ಲ. ಕೆಲಸದಲ್ಲಿ ಅವನಿಗಿದ್ದದ್ದು ಒಂದೇ ಗಾದೆ: “ಸಿಕ್ಕಾ ಇಲ್ಲದ ಕಟ್ಟಿಗಿ ಅಪ್ಪಂದಾದರೂ ಕಳವಿಂದs.” ಇದು ಬರೀ ಬಾಯಿಮಾತಾಗಿರಲಿಲ್ಲ. ಹೆಂಡತಿ ನೀಲವ್ವನ ತಂದೆ ಒಮ್ಮೆ ನೇಗಿಲಿಗೆಂದು ಕಾಡಿನ ಒಂದು ತುಂಡನ್ನು ಬಂಡಿಯಲ್ಲಿ ಹೇರಿಕೊಂಡು ಬರುವಾಗ, ಭರಮಣ್ಣ ಊರ ಮುಂದೆಯೇ ಬಂಡಿ ನಿಲ್ಲಿಸಿ ತುಂಡನ್ನು ಕೆಳಗಿಳಿಸಿದ. ಮುದುಕ ಎರಡು ವರ್ಷ ಅಳಿಯನ ಮನೆಯ ನೀರು ಮುಟ್ಟಲಿಲ್ಲ. ಭರಮಣ್ಣ ಆ ಎರಡು ವರ್ಷವೂ ಹಬ್ಬಕ್ಕೆ ತಪ್ಪದೆ ಮಾವನ ಮನೆಗೆ ಹೋಗಿ, ಹೊರಗಿನ ಕಟ್ಟೆಯ ಮೇಲೆ ಕೂತು, ಯಾರೂ ಒಳಗೆ ಕರೆಯದೆ ಎದ್ದು ಬರುತ್ತಿದ್ದ.

ತೊಂಬತ್ತರ ದಶಕದ ನಡುವಿನಲ್ಲಿ, ಅವನು ನಿವೃತ್ತನಾಗಿ ಊರಿನಲ್ಲೇ ಕೂತ ಕಾಲಕ್ಕೆ, ನಮ್ಮ ಗುಡ್ಡದ ನೆತ್ತಿಯನ್ನು ಯಾರಿಗೋ ಕಲ್ಲು ಒಡೆಯಲು ಗುತ್ತಿಗೆ ಕೊಟ್ಟರು. ಮೊದಲು ರಸ್ತೆಗೆಂದು ಮರ ಕಡಿದರು. ಆಮೇಲೆ ಸುರಂಗದ ಮದ್ದು, ಆಮೇಲೆ ಕಲ್ಲನ್ನು ಜಲ್ಲಿ ಮಾಡುವ ಖಡಿ ಮಷೀನು. ಆ ಗುಡ್ಡದ ಬುಡದ ಝರಿಯಿಂದ ಹುಟ್ಟುವುದೇ ನಮ್ಮ ಕರೇಹಳ್ಳ. ಊರಿನ ಕುಡಿಯುವ ನೀರು, ದನದ ನೀರು, ಭತ್ತದ ಗದ್ದೆಯ ನೀರು ಎಲ್ಲವೂ ಅದೇ. ಮದ್ದು ಹಾರಿಸಲು ಶುರುವಾದ ಎರಡನೆಯ ಬೇಸಿಗೆಗೆ ಝರಿ ಸಣ್ಣಗಾಯಿತು. ಮೂರನೆಯದಕ್ಕೆ ಹಳ್ಳ ಒಣಗಿತು.

ನಾವು ತಾಲ್ಲೂಕಿನ ನ್ಯಾಯಾಲಯದಲ್ಲಿ ದಾವೆ ಹೂಡಿದೆವು. ಗುಡ್ಡದ ಮೇಲೆ ಕಲ್ಲು ಒಡೆಯುವುದನ್ನು ನಿಲ್ಲಿಸಬೇಕು, ಇಷ್ಟೇ ನಮ್ಮ ಕೋರಿಕೆ. ಮೊದಲನೆಯ ವಾದಿ ಭರಮಣ್ಣ, ಎರಡನೆಯ ವಾದಿ ನಾನು. ಅರ್ಜಿ ಬರೆಸುವಾಗಲೇ ನಮ್ಮ ವಕೀಲರಿಗೂ ಅವನಿಗೂ ಸಣ್ಣ ಜಗಳವಾಯಿತು. ಮಳೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ ಎಂಬ ಮಾತು ಅರ್ಜಿಯಲ್ಲಿ ಇರಲೇಬೇಕೆಂದು ಅವನ ಹಟ.

“ಭರಮಪ್ಪನವರ, ಮಳಿ ಮ್ಯಾಲೆ ದಾವಾ ಹಾಕಾಕ ಬರೂದಿಲ್ರೀ. ನೋಟಿಸು ಯಾವ ಪತ್ತೇಕ್ಕ ಕಳಸೂಣು?” ಎಂದರು ವಕೀಲರು.

“ಮಳಿ ಮ್ಯಾಲೆ ಅಲ್ರೀ. ಮಳಿ ಕಡಿಮಿ ಆಗೇತಿ ಅಂತ ಗೊತ್ತಿದ್ದೂ ಗುಡ್ಡ ಒಡ್ಯಾವ್ರ ಮ್ಯಾಲೆ.”

ಆ ಸಾಲನ್ನು ವಕೀಲರು ಸೇರಿಸಿದರು, ಮುದುಕನ ಸಮಾಧಾನಕ್ಕೆಂಬಂತೆ. ಇಂದು ಪತ್ರಿಕೆಗಳು ದಿನ ಬೆಳಗಾದರೆ ಹವಾಮಾನ, ಹವಾಮಾನ ಎನ್ನುತ್ತವೆ. ಆಗ ನಮ್ಮ ತಾಲ್ಲೂಕಿನಲ್ಲಿ ಆ ಮಾತನ್ನು ಕಾಗದದ ಮೇಲೆ ಹಾಕಿಸಿದವನು ಇವನೊಬ್ಬನೇ. ಮೊದಲ ದಿನವೇ ಎದುರು ವಕೀಲರು ಆ ಸಾಲನ್ನು ಗಟ್ಟಿಯಾಗಿ ಓದಿದರು, ಕೋರ್ಟು ನಕ್ಕಿತು. ಯಾರ್‍ಯಾರು ನಕ್ಕರೆಂಬುದು ನನಗೆ ನೆನಪಿದೆ.

ಹಳ್ಳದ ಸ್ಥಿತಿಯನ್ನು ಕಣ್ಣಾರೆ ನೋಡಿ ವರದಿ ಕೊಡಲು ನ್ಯಾಯಾಲಯ ಒಬ್ಬ ಯುವ ವಕೀಲರನ್ನು ಕಮಿಷನರಾಗಿ ನೇಮಿಸಿತು. ಅವರು ಬರುವ ದಿನ ಬೇಸಿಗೆಯ ನಡುಮಧ್ಯದಲ್ಲಿ ಬಿತ್ತು. ನಮಗೆ ಅದಕ್ಕಿಂತ ಒಳ್ಳೆಯ ದಿನ ಬೇಕಿರಲಿಲ್ಲ. ಹಳ್ಳದ ತಳದ ಕೆಸರು ಒಡೆದು ಹಂಚಿನಂತೆ ಎದ್ದಿತ್ತು. ಭರಮಣ್ಣ ಬೆಳಿಗ್ಗೆಯೇ ಅವರನ್ನು ಕರೆತರಲು ತಾಲ್ಲೂಕಿಗೆ ಹೋದ. ಊರಿನ ವ್ಯವಸ್ಥೆ ನನಗೆ ಬಿಟ್ಟ.

ಇಲ್ಲಿ ನಮ್ಮ ಊರಿನ ಒಂದು ರೂಢಿಯನ್ನು ಹೇಳಬೇಕು. ಊರಿಗೆ ಬರುವ ದಾರಿ ಕರೇಹಳ್ಳವನ್ನು ದಾಟಿಯೇ ಬರುತ್ತದೆ. ಒಣಗಿದ ಹಳ್ಳ ದಾಟಿ ಬಂದ ನೆಂಟಸ್ತನ ಒಣಗುತ್ತದೆಂದು ನಮ್ಮವರ ನಂಬಿಕೆ. ಆದ್ದರಿಂದ ಬರ ಬಿದ್ದು ಹಳ್ಳ ಬತ್ತಿದ ಅಪರೂಪದ ಬೇಸಿಗೆಯಲ್ಲಿ ಬೀಗರು ಬರುವ ದಿನ, ಮೇಲಿನ ಕಟ್ಟೆಯಲ್ಲಿ ದನಗಳಿಗೆಂದು ಉಳಿಸಿಕೊಂಡ ನೀರನ್ನು ತೂಬು ತೆಗೆದು ಒಂದಿಷ್ಟು ಹೊತ್ತು ಹಳ್ಳಕ್ಕೆ ಬಿಡುತ್ತಾರೆ. ಬಂದವರು ಹರಿಯುವ ನೀರಿನಲ್ಲಿ ಕಾಲು ತೊಳೆದು ಊರು ಸೇರುತ್ತಾರೆ. ನನ್ನ ಮದುವೆಯಲ್ಲಿ ಮಳೆಯಿತ್ತು, ಬಿಡಬೇಕಾಗಲಿಲ್ಲ. ನನ್ನ ತಂಗಿಯ ಮದುವೆಗೆ ಬಿಟ್ಟಿದ್ದೆವು.

ನೀಲವ್ವ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ನನ್ನ ಬಾಗಿಲಿಗೆ ಬಂದಳು.

“ಗುರುಪಾದಪ್ಪಾ, ಕೋರ್ಟಿನ ಸಾಹೇಬ್ರು ಬರಾಕತ್ತಾರ, ಹಳ್ಳ ಒಣಾ ಬಿದ್ದೇತಿ. ತೂಬು ತಗಿ.”

“ನೀಲಕ್ಕ, ಒಣಗೇತಿ ಅಂತ ತೋರಸಾಕನ ಅವರನ್ನ ಕರಸೀವಿ.”

“ತೋರಸ್ರಿ, ಬ್ಯಾಡಂದಾವ್ರು ಯಾರು? ಮೊದಲ ಕಾಲಿಗೆ ನೀರ ಕೊಟ್ಟು ಆಮ್ಯಾಲ ತೋರಸ್ರಿ. ನ್ಯಾಯಾ ಕೊಡಾಕ ಬರೂ ಮನಷ್ಯಾನ್ನ ಒಣಾ ಹಳ್ಳಾ ದಾಟಸಿ ಕರಕೊಂಡ ಬರ್ತೀರೇನು? ನ್ಯಾಯಾನೂ ಒಣಗತೈತಿ.”

“ಅವರು ಬೀಗರಲ್ಲ.”

“ಬೀಗರಿಗಿಂತ ಹೆಚ್ಚು. ಬೀಗರು ಬರೇ ಮಗಳನ್ನ ಒಯ್ತಾರ. ಇವರ ಕೈಯಾಗ ಊರs ಐತಿ.”

ಅಷ್ಟು ಹೊತ್ತಿಗೆ ಮನೆಮನೆಯ ಮುಂದೆ ಸಗಣಿ ಸಾರಿಸಿತ್ತು. ಸಾಹೇಬರಿಗೆಂದು ಉಪ್ಪಿಟ್ಟಿನ ರವೆ ಹುರಿಯುವ ವಾಸನೆ ಬರುತ್ತಿತ್ತು. ನಾನು ಓದು ಬರಹ ಬಲ್ಲವನು, ಸೊಸೈಟಿಯ ಸೆಕ್ರೆಟರಿ, ದಾವೆಯ ಎರಡನೆಯ ವಾದಿ. ಒಂದು ತಾಸಿನಲ್ಲಿ ನೀರು ಇಂಗಿ ಹೋಗುತ್ತದೆ, ಅವರು ಬರುವುದು ಹೇಗೂ ತಡವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡು, ಮೇಲೆ ಹತ್ತಿ ತೂಬಿನ ಹಲಗೆ ಎತ್ತಿದೆ. ಎತ್ತಿದವನು ನಾನು. ಇದನ್ನು ಇದುವರೆಗೆ ಎಲ್ಲಿಯೂ ಬರೆದಿರಲಿಲ್ಲ.

ಜೀಪು ತಡವಾಗಲಿಲ್ಲ. ಭರಮಣ್ಣ ಮೊದಲು ಇಳಿದ. ಹಳ್ಳದಲ್ಲಿ ಮೊಣಕಾಲ ಕೆಳಗಿನಷ್ಟು ನೀರು ಕಲ್ಲು ಬಳಸಿಕೊಂಡು ಹರಿಯುತ್ತಿತ್ತು. ಅವನು ನೀರನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

ಕಮಿಷನರು ಬೂಟು ಬಿಚ್ಚಿ ನೀರಿಗಿಳಿದರು. “ನೀರು ಹರಿಯಾಕತ್ತೇತಲ್ರೀ ಭರಮಪ್ಪ?”

“ಸಾಹೇಬ್ರ, ಇದು ಹಳ್ಳದ ನೀರಲ್ರೀ. ಮ್ಯಾಲಿನ ಕಟ್ಟಿ ನೀರು. ನೀವು ಬರ್ತೀರಿ ಅಂತ ಹೆಂಗಸರು ಬಿಡಸ್ಯಾರ. ಇನ್ನೂರು ಹೆಜ್ಜಿ ಮ್ಯಾಲೆ ಬರ್ರಿ, ತೂಬು ತೋರಸ್ತೇನಿ. ಅದರ ಮ್ಯಾಲೆ ಝರಿ ಬಾಯಿ ಐತಿ, ಕೈ ಹಾಕಿ ನೋಡ್ರಿ, ಹಸೀನೂ ಇಲ್ಲ.”

ಜೀಪಿನಲ್ಲಿ ಜೊತೆಗೆ ಬಂದಿದ್ದ ಎದುರು ವಕೀಲರು ನಕ್ಕರು. “ಹಳ್ಳದಾಗ ನೀರೈತೋ ಇಲ್ಲೋ ನೋಡಾಕ ಬಂದೀವಿ. ನೀರಿನ ಕುಲಗೋತ್ರ ಕೇಳಾಕ ಅಲ್ಲ.”

“ಇನ್ನೂರು ಹೆಜ್ಜಿ ಅಷ್ಟs ರೀ,” ಎಂದ ಭರಮಣ್ಣ.

ಕಮಿಷನರು ಗುಡ್ಡದ ಕಡೆ ನೋಡಿದರು, ಬಿಸಿಲು ನೋಡಿದರು, ಗಡಿಯಾರ ನೋಡಿದರು. “ಬಿಸಲು ಭಾಳ ಐತಿ ಹಿರಿಯರ. ಕಂಡದ್ದು ಬರಕೊಂಡೇನಿ,” ಎಂದರು. ನೀಲವ್ವ ಸೆರಗು ತಲೆಗೆ ಹೊದ್ದು ತಾಟು ಹಿಡಿದು ನಿಂತಿದ್ದಳು. ಅವರು ಉಪ್ಪಿಟ್ಟು ತಿಂದರು, ಚಹಾ ಕುಡಿದರು, ನಿಮ್ಮ ಊರಿನ ಮಂದಿ ಭಾಳ ಛಲೋ ಎಂದರು. ಜೀಪು ಹೋಗಿ ಅರ್ಧ ತಾಸಿಗೆ ಹಳ್ಳ ಮತ್ತೆ ಒಣಗಿತು. ಮೇಲಿನ ಕಟ್ಟೆಯಲ್ಲಿ ತಳದ ರಾಡಿ ಮಾತ್ರ ಉಳಿದಿತ್ತು. ಆ ಬೇಸಿಗೆ ಊರಿನ ದನಗಳನ್ನು ನೆಂಟರ ಊರುಗಳಿಗೆ ಹೊಡೆದೆವು. ಎಲ್ಲವೂ ತಿರುಗಿ ಬರಲಿಲ್ಲ.

ವರದಿಯ ಸಾಲು ಹೀಗಿದೆ: ಪರಿಶೀಲನೆಯ ವೇಳೆ ಹಳ್ಳದಲ್ಲಿ ಹರಿಯುವ ನೀರು ಕಂಡುಬಂದಿದ್ದು, ಕಮಿಷನರು ಸದರಿ ನೀರಿನಲ್ಲಿ ಸ್ವತಃ ಕಾಲು ತೊಳೆದಿರುತ್ತಾರೆ. ನಾವು ತಕರಾರು ಸಲ್ಲಿಸಿ ಊರಿನ ರೂಢಿಯನ್ನು ವಿವರಿಸಿದೆವು. ಎದುರಿನವರು ಅದನ್ನೂ ಬಳಸಿಕೊಂಡರು: ವಾದಿಯವರೇ ನೀರು ಬಿಟ್ಟು ನ್ಯಾಯಾಲಯದ ಕಣ್ಣಿಗೆ ಮಣ್ಣೆರಚಿದ್ದಾರೆ. ನೀರಿದ್ದರೂ ನಾವು ಸುಳ್ಳರು, ಇಲ್ಲದಿದ್ದರೂ ನಾವೇ ಸುಳ್ಳರು.

ಭರಮಣ್ಣ ನೀಲವ್ವನಿಗೆ ಬೈಯಲಿಲ್ಲ. ನನಗೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೆಂದು ನನಗೆ ಎಷ್ಟೋ ಸಲ ಅನಿಸಿದೆ. ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಗುಡ್ಡಕ್ಕೆ ಹೋದ. ರಸ್ತೆಗೆಂದು ಕಡಿದ ಒಂದು ಹಳೆಯ ಸಾಗವಾನಿಯ ಮೋಟು ಅಲ್ಲಿತ್ತು. ಅದರಿಂದ ರೊಟ್ಟಿ ಹಂಚಿನಷ್ಟು ಅಗಲದ, ನಾಲ್ಕು ಬೆರಳು ದಪ್ಪದ ಒಂದು ತುಂಡನ್ನು ಕೊಯ್ದು ತಂದ. ಮೂರು ದಿನ ಅಂಗಳದಲ್ಲಿ ಕೂತು ಮರಳುಕಾಗದದಿಂದ ಅದರ ಮುಖ ಉಜ್ಜಿದ. ಗೆರೆಗಳು ಬೆರಳಚ್ಚಿನಂತೆ ಎದ್ದವು. ಹೊರಗಿನಿಂದ ಎಣಿಸಿ, ಊರಿನವರಿಗೆಲ್ಲ ನೆನಪಿರುವ ದೊಡ್ಡ ಮಳೆಯ ಮತ್ತು ಬರಗಾಲದ ವರ್ಷಗಳಿಗೆ ಸಣ್ಣ ಮೊಳೆ ಹೊಡೆದ.

“ಕಮಿಷನರು ಒಂದ ದಿನ ನೋಡ್ಯಾರ. ಇದು ತೊಂಬತ್ತು ವರ್ಷ ನೋಡೇತಿ,” ಎಂದ.

ಸಾಕ್ಷಿ ಕಟ್ಟೆಯಲ್ಲಿ ಅವನು ಆ ತುಂಡನ್ನು ಎದೆಗೆ ಆನಿಸಿಕೊಂಡು ನಿಂತದ್ದು ನನ್ನ ಕಣ್ಣ ಮುಂದಿದೆ. ಕಡೆಯ ಇಪ್ಪತ್ತು ಗೆರೆಗಳು ಹೇಗೆ ಒಂದಕ್ಕೊಂದು ಒತ್ತಿಕೊಂಡಿವೆಯೆಂದು ಉಗುರಿನಿಂದ ತೋರಿಸಿದ.

ಎದುರು ವಕೀಲರು ಕೇಳಿದರು: “ಮರಕ್ಕ ವಯಸ್ಸಾದ ಮ್ಯಾಲೆ ಗೆರಿ ಸಣ್ಣ ಆಗೂದು ಸಹಜ ಅಲ್ಲೇನು?”

“ಹೌದ್ರಿ, ಸಹಜ. ಆದ್ರ ಮುದಿ ಮರಾನೂ ಛಲೋ ಮಳಿ ಬಿದ್ದ ವರ್ಷ ಗೆರಿ ಅಗಲ ಮಾಡತೈತಿ. ಇಲ್ಲಿ ನೋಡ್ರಿ, ನಡುವ ಒಂದ ವರ್ಷ ಮಾಡೇತಿ. ಉಳದ ವರ್ಷ ಮಾಡಿಲ್ಲ.”

“ಹಂಗಾದ್ರ ಮಳಿ ಕಡಿಮಿ ಆದದ್ದು ನಮ್ಮ ಮಷೀನಿನಿಂದ ಅಂತ ಈ ಕಟ್ಟಿಗಿ ಹೇಳತೈತೇನು?”

ಹೌದೆನ್ನಬಹುದಿತ್ತು. ನಮ್ಮ ವಕೀಲರು ಹೌದೆನ್ನುವಂತೆ ಕಣ್ಣಲ್ಲೇ ಸೂಚಿಸಿದರು. ಭರಮಣ್ಣ ಹೇಳಿದ: “ಇಲ್ರೀ. ಮಳಿ ಕಡಿಮಿ ಆಗೇತಿ ಅಂತ ಮರ ಹೇಳತೈತಿ. ಯಾಕ ಆತು ಅಂಬೂದು ಮರಕ್ಕ ಗೊತ್ತಿಲ್ಲ. ನನಗೂ ಗೊತ್ತಿಲ್ಲ.”

“ಮುಗೀತಲ್ಲ!”

“ಮುಗೀಲಿಲ್ರೀ. ಮಳಿ ಮೊದಲಿನಂಗ ಇದ್ದಾಗ ಗುಡ್ಡ ಒಡದಿದ್ರ ಝರಿ ಹೆಂಗೋ ತಾಳಿಕೊಂತಿತ್ತು. ಈಗ ಮಳಿನೂ ಕಡಿಮಿ, ಮ್ಯಾಲ ಗುಡ್ಡಾನೂ ಒಡದ್ರ ಅದು ಉಳೂದಿಲ್ಲ. ಮಳಿ ಕಡಿಮಿ ಆಗೂ ಕಾಲಕ್ಕ ನೀರು ಹಿಡದಿಡೂ ಗುಡ್ಡಾನ್ನ ಮುಟ್ಟಬ್ಯಾಡ್ರಿ ಅಂತ, ಇಷ್ಟs ನಮ್ಮ ದಾವಾ.”

ಆ ಕೋಣೆಯಲ್ಲಿ ಒಂದು ಕ್ಷಣ ಯಾರೂ ನಗಲಿಲ್ಲ. ಅಷ್ಟು ವರ್ಷಗಳಲ್ಲಿ ನಮಗೆ ಸಿಕ್ಕ ಗೆಲುವೆಂದರೆ ಅದೊಂದೇ. ಆಮೇಲೆ ಎದುರು ವಕೀಲರು ತುಂಡನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದರು.

“ಭರಮಪ್ಪ, ನೀವು ಡಿಪೋದಾಗ ಏನ ಕೆಲಸ ಮಾಡ್ತಿದ್ರಿ?”

“ಅಳತಿ ರೀ. ಸಿಕ್ಕಾ ಹೊಡೀತಿದ್ದೆ.”

“ಇದರ ಮ್ಯಾಲೆ ಸಿಕ್ಕಾ ಎಲ್ಲೈತಿ?”

ಭರಮಣ್ಣ ತುಂಡನ್ನು ನೋಡಿದ. ಅವನ ಮುಖದಲ್ಲಿ ಆದ ಬದಲಾವಣೆಯನ್ನು ಹೆದರಿಕೆ ಎನ್ನಲಾರೆ. ತನ್ನ ಅಂಗಳದಲ್ಲೇ ಒಬ್ಬ ಅಪರಿಚಿತನನ್ನು ಕಂಡವನಂತೆ ನಿಂತ. ಮೂರು ದಿನ ಉಜ್ಜಿದವನಿಗೆ, ಮೊಳೆ ಹೊಡೆದವನಿಗೆ, ಅದು ಕಟ್ಟಿಗೆಯೆಂಬುದೇ ಮರೆತುಹೋಗಿತ್ತು. ಅವನ ಪಾಲಿಗೆ ಅದು ಕಾಗದವಾಗಿತ್ತು.

“ಸಿಕ್ಕಾ ಇಲ್ರೀ,” ಎಂದ.

ಸಾಗವಾನಿ ಎಲ್ಲಿ ಬೆಳೆದರೂ ಪರವಾನಗಿ ಇಲ್ಲದೆ ಮುಟ್ಟುವಂತಿಲ್ಲ. ತುಂಡು ಜಪ್ತಿಯಾಯಿತು, ಅವನ ಮೇಲೆ ಬೇರೆಯೇ ಒಂದು ಪ್ರಕರಣ ದಾಖಲಾಯಿತು. ಕಡಿದವರು ಖಡಿ ಮಷೀನಿನವರು, ಮೋಟು ಬಿಟ್ಟು ಹೋದವರು ಅವರೇ. ಅವರ ಮೇಲೆ ಪ್ರಕರಣವಿಲ್ಲ. ಹೋರಾಡೋಣ, ಇದು ಸಾಕ್ಷ್ಯ, ಕಳವಲ್ಲ ಎಂದು ನಾನೂ ವಕೀಲರೂ ಎಷ್ಟು ಹೇಳಿದರೂ ಅವನು ಕೇಳಲಿಲ್ಲ. ತಪ್ಪೊಪ್ಪಿಕೊಂಡ. “ಮಾವನ ಬಂಡಿ ನಿಲ್ಲಿಸಿದಾವ ನಾನು. ಈಗ ನನ್ನ ಬಂಡಿ ಬಿಡ್ರಿ ಅಂತ ಯಾವ ಬಾಯಿಲೆ ಕೇಳ್ಲಿ?” ದಂಡ ಕಟ್ಟಿ ಹೊರಬಂದ. ಹೊರಬಂದವನು ಮೊದಲು ಮಾಡಿದ್ದು ಕೋರ್ಟಿನ ಮುಂದಿನ ಕಟ್ಟೆಯ ಮೇಲೆ ಕೂತು, ಅಲ್ಲಿದ್ದ ಕ್ಷೌರಿಕನ ಕತ್ತರಿ ಕೇಳಿ, ಆ ಉಗುರನ್ನು ಕತ್ತರಿಸಿದ್ದು.

ತೀರ್ಪು ಬಂದದ್ದು ಅದರ ಮುಂದಿನ ವರ್ಷ. ಒಂದನೆಯ ವಾದಿಯು ಅರಣ್ಯ ಅಪರಾಧವನ್ನು ಒಪ್ಪಿಕೊಂಡವನಾಗಿದ್ದು ಶುದ್ಧಹಸ್ತನಾಗಿ ನ್ಯಾಯಾಲಯಕ್ಕೆ ಬಂದಿಲ್ಲ. ಕಮಿಷನರ ವರದಿಯಂತೆ ಹಳ್ಳದಲ್ಲಿ ನೀರಿದೆ. ಮಳೆಯ ಹೆಚ್ಚುಕಡಿಮೆಯು ಈ ನ್ಯಾಯಾಲಯದ ವಿಚಾರಣೆಗೆ ಒಳಪಡುವ ವಿಷಯವಲ್ಲ. ದಾವೆ ವಜಾ. ಓದಿ ಮುಗಿಸಲು ಬಹಳ ಹೊತ್ತು ಹಿಡಿಯಲಿಲ್ಲ. ಮುಂದಿನ ಪ್ರಕರಣದವರು ಆಗಲೇ ಎದ್ದು ನಿಂತಿದ್ದರು.

ಭತ್ತ ನಿಂತಿತು. ಊರು ಅರ್ಧ ಖಾಲಿಯಾಯಿತು. ಕೆಲವರು ಕೂಲಿಗೆ ದಾಂಡೇಲಿಗೆ, ಇಬ್ಬರು ಅದೇ ಖಡಿ ಮಷೀನಿಗೆ. ಭರಮಣ್ಣ ಮತ್ತು ನೀಲವ್ವ ಮುಂಡಗೋಡದ ಪಾಳಾದಲ್ಲಿದ್ದ ಮಗಳ ಮನೆಗೆ ಹೋದರು. ಎರಡು ವರ್ಷದ ಮೇಲೆ, ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ನಾನು ಅಲ್ಲಿಗೆ ಹೋಗಿದ್ದೆ. ಮೇಲಿನ ಕೋರ್ಟಿಗೆ ಅಪೀಲು ಹೋಗಬೇಕೆಂದು ಕಾಗದ ತಯಾರಿಸಿಕೊಂಡಿದ್ದೆ. ವಿಳಂಬಕ್ಕೆ ಕ್ಷಮೆ ಕೇಳುವ ಅರ್ಜಿಯೂ ಸಿದ್ಧವಿತ್ತು. ಅವನ ಹೆಬ್ಬೆಟ್ಟಲ್ಲ, ಸಹಿ ಬೇಕಿತ್ತು. ಅವನಿಗೆ ಸಹಿ ಬರುತ್ತಿತ್ತು.

ಅವನು ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಅಂಚು ಸವರುತ್ತ ಕೂತ. ನೀಲವ್ವ ಒಳಗಿನಿಂದ ಚಹಾ ತಂದಿಟ್ಟು ಹೋದಳು. ನನ್ನ ಮುಖ ನೋಡಲಿಲ್ಲ. ಮಗಳ ಗದ್ದೆಯ ಕಡೆಯಿಂದ ಪಂಪಿನ ಸದ್ದು ಬರುತ್ತಿತ್ತು.

“ಅಪೀಲು ಯಾರ ಮ್ಯಾಲೆ ತಮ್ಮಾ?” ಎಂದ.

“ಅವರ ಮ್ಯಾಲೆ ಅಣ್ಣಾ. ಒಡದಾವ್ರ ಮ್ಯಾಲೆ.”

“ನೀರು ಬಿಟ್ಟಾವ್ರು ನಾವು. ಕಟ್ಟಿಗಿ ಕೊಯ್ದಾವ ನಾನು.” ಒಳಗೆ ಕೇಳಿಸದಂತೆ ದನಿ ತಗ್ಗಿಸಿದ. “ಬಂದಾವ್ರಿಗೆ ಕಾಲಿಗೆ ನೀರ ಕೊಟ್ಟದ್ದು ತಪ್ಪು ಅಂತ ಮತ್ತೊಂದ ಕೋರ್ಟಿನ್ಯಾಗ ಅನಸ್ಕೋಬ್ಯಾಡ. ಆಕಿ ಕಿವಿಗೆ ಬೀಳತೈತಿ.”

ಕಾಗದವನ್ನು ಮಡಚಿ ನನ್ನ ಕೈಗಿಟ್ಟ. ಬಸ್ಸಿನವರೆಗೆ ಬಂದು ಕಳಿಸಿದ. ಅದೇ ವರ್ಷದ ಮಳೆಗಾಲ ತಡವಾಯಿತು. ಮಳೆ ಬರುವ ಮೊದಲೇ ಅವನು ಹೋದ. ನನಗೆ ಸುದ್ದಿ ಮುಟ್ಟಿದ್ದು ಮಣ್ಣು ಮಾಡಿದ ಮೂರನೆಯ ದಿನ. ನಾನು ಅಳಲಿಲ್ಲ. ಟ್ರಂಕು ತೆರೆದು ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಮತ್ತೆ ಮುಚ್ಚಿದೆ.

ಇದನ್ನು ಬರೆಯಬೇಕೆಂದು ನನಗಿರಲಿಲ್ಲ. ಆದರೆ ಮೊನ್ನೆ ತಾಲ್ಲೂಕಿನ ಸಭಾಭವನದಲ್ಲಿ ಪರಿಸರ ದಿನದ ಕಾರ್ಯಕ್ರಮವಿತ್ತು. ಹಿರಿಯ ನಾಗರಿಕನೆಂದು ನನಗೂ ಕರೆ ಬಂದಿತ್ತು. ಹವಾಮಾನದ ಬದಲಾವಣೆ ಮತ್ತು ನ್ಯಾಯಾಲಯಗಳ ಹೊಣೆ ಎಂಬ ವಿಷಯದ ಮೇಲೆ ಮಾತಾಡಲು ಬಂದವರು ಅಂದಿನ ನಮ್ಮ ಕಮಿಷನರು. ಈಗ ಕೂದಲು ನರೆತಿದೆ, ಹೆಸರಾಂತ ವಕೀಲರು. ಚೆನ್ನಾಗಿ ಮಾತಾಡಿದರು. ಮರದ ಗೆರೆಗಳಲ್ಲಿ ನೂರಾರು ವರ್ಷಗಳ ಮಳೆಯ ಲೆಕ್ಕವಿರುತ್ತದೆಂದೂ, ಅದನ್ನು ಸಾಕ್ಷಿಯೆಂದು ಕೇಳುವ ಕಿವಿ ನಮ್ಮ ನ್ಯಾಯಾಲಯಗಳಿಗೆ ಬರಬೇಕೆಂದೂ ಹೇಳಿದರು. ಚಪ್ಪಾಳೆ ಬಿತ್ತು. ನಾನು ಕೈ ಎತ್ತಿದೆ. ಸಂಘಟಕರು ಬಗ್ಗಿ, “ಹಿರಿಯರ, ಟೈಮ್ ಆಗೇತ್ರಿ, ಊಟಕ್ಕ ಏಳ್ರಿ,” ಎಂದರು. ವೇದಿಕೆಯಿಂದ ಇಳಿದವರು ನನ್ನ ಪಕ್ಕದಲ್ಲೇ ಹಾದು ಹೋದರು. ಗುರುತು ಹಿಡಿಯಲಿಲ್ಲ.

ಮೊನ್ನೆ ಕೇಳಲು ಬಿಡದ ಪ್ರಶ್ನೆಯನ್ನು ಇಲ್ಲಿ ಕೇಳುತ್ತಿದ್ದೇನೆ. ಸ್ವಾಮಿ, ತೂಬು ಎತ್ತಿದ ತಪ್ಪು ನನ್ನದು. ಅದನ್ನು ಯಾರ ಮೇಲೂ ಹಾಕುವುದಿಲ್ಲ. ಆದರೆ ಒಬ್ಬ ಮುದುಕ ನಿಮ್ಮ ಎದುರು ನಿಂತು, ಈ ನೀರು ಹಳ್ಳದ್ದಲ್ಲ, ನಮ್ಮವರೇ ಬಿಟ್ಟ ಈ ನೀರೇ ನಮ್ಮ ವಿರುದ್ಧದ ಸುಳ್ಳು, ಬಂದು ನೋಡಿ ಎಂದು ಎರಡು ಸಲ ಕರೆದನಲ್ಲ, ನೋಡಲೆಂದೇ ನೇಮಕಗೊಂಡ ನಿಮ್ಮನ್ನು ಆ ಇನ್ನೂರು ಹೆಜ್ಜೆ ಹತ್ತದಂತೆ ತಡೆದದ್ದು ಯಾವ ಕಾನೂನು?